2007 ಮೇಲೋ, 2009 ಮೇಲೋ? ಐರನ್ ಮೇಡನ್‌ನ ಬೆಂಗಳೂರು ಕಾರ್ಯಕ್ರಮಗಳ ವಾದ ಮತ್ತು ಅದರ ಆಧಾರಗಳು

ಹೆವಿ ಮೆಟಲ್ ತಂಡ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಎರಡು ಸಲ ನುಡಿಸಿತು: 2007ರ ಮಾರ್ಚ್ 17ರಂದು ಒಮ್ಮೆ, 2009ರ ಫೆಬ್ರುವರಿ 15ರಂದು ಮತ್ತೊಮ್ಮೆ. ಇವೆರಡರಲ್ಲಿ ಯಾವುದು ಮೇಲು ಎಂಬ ವಾದ ಊರಿನ ರಾಕ್ ಅಭಿಮಾನಿಗಳ ನಡುವೆ ಇನ್ನೂ ತೀರಿಲ್ಲ. ಬ್ಯಾಟರಾಯನಪುರ, ಸಹಕಾರನಗರ, ಜಕ್ಕೂರು ಕಡೆಯವರಿಗೆ ಇದು ದೂರದ ಮಾತಲ್ಲ. ಅರಮನೆ ಮೈದಾನವೂ ಬ್ಯಾಟರಾಯನಪುರವೂ ಒಂದೇ ಬಳ್ಳಾರಿ ರಸ್ತೆಯ ಮೇಲಿವೆ. ಬ್ಯಾಟರಾಯನಪುರ ನಗರಸಭೆ ಬೃಹತ್ ಬೆಂಗಳೂರಿನೊಳಗೆ ಸೇರಿದ್ದೂ 2007ರಲ್ಲೇ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ, ಹೊರದೇಶದಿಂದ ಬರುವ ತಂಡಗಳು ಮೈದಾನ ಸೇರುವ ಹೆದ್ದಾರಿಯೂ ಬ್ಯಾಟರಾಯನಪುರದ ನಡುವಿನದೇ ಆಯಿತು.

ಈ ಟಿಪ್ಪಣಿಯಲ್ಲಿ ನಾನು ಕೇಳುವುದು ಯಾರ ವಾದ ಸರಿ ಎಂದಷ್ಟೇ ಅಲ್ಲ. ಆ ವಾದ ಯಾವ ಆಧಾರದ ಮೇಲೆ ನಿಂತಿದೆ, ಆ ಆಧಾರ ಎಷ್ಟು ಗಟ್ಟಿ ಎಂಬುದೂ ನನ್ನ ಪ್ರಶ್ನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ‘ಅತ್ಯುತ್ತಮ ಲೈವ್’ ಎಂದು ನಾವು ಕರೆಯುವುದು ಬಹಳ ಸಲ ಚೆನ್ನಾಗಿ ಮುದ್ರಣಗೊಂಡು ಉಳಿದ ಲೈವ್ ಅನ್ನು. ಮುದ್ರಣವಿಲ್ಲದ ರಾತ್ರಿ ಎಷ್ಟೇ ದೊಡ್ಡದಾಗಿದ್ದರೂ, ಅದನ್ನು ಕಂಡವರ ಬಾಯಿಮಾತಿನ ಆಚೆಗೆ ಹೋಗುವುದಿಲ್ಲ.

2007ರ ಪಕ್ಷದವರ ಮೊದಲ ಮಾತು, ಅದೇ ಮೊದಲನೆಯದು ಎಂಬುದು. ಅದಕ್ಕೆ ಮುಂಚೆಯೂ ಅರಮನೆ ಮೈದಾನಕ್ಕೆ ದೊಡ್ಡವರು ಬಂದಿದ್ದರು. 2002ರಲ್ಲಿ ರೋಜರ್ ವಾಟರ್ಸ್ ಬಂದರು. 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಭಾರತದಲ್ಲಿ ಮೊದಲ ಸಲ ನುಡಿಸಿದ್ದು ಇಲ್ಲೇ. ಆದರೆ ಕ್ಯಾಸೆಟ್ ಮತ್ತು ಪೈರೇಟೆಡ್ ಸಿ.ಡಿ.ಗಳಲ್ಲಿ ಹೆವಿ ಮೆಟಲ್ ಕೇಳಿ ಬೆಳೆದ ಹುಡುಗರ ಪಾಲಿಗೆ, ಆ ಪ್ರಕಾರದ ಮೊದಲ ಸಾಲಿನ ತಂಡವೊಂದು ತನ್ನ ಉತ್ತುಂಗದ ಬಲದೊಡನೆ ಎದುರಿಗೆ ನಿಂತದ್ದು 2007ರ ಆ ಸಂಜೆಯೇ. ದೆಹಲಿಯ ಪರಿಕ್ರಮ ತಂಡ ಮೊದಲು ನುಡಿಸಿತು. ಮೇಡನ್‌ನ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಅವರ ಮಗಳು ಲಾರೆನ್ ಹ್ಯಾರಿಸ್ ಕೂಡ ಅಂದು ಹಾಡಿದರು.

ಈ ವಾದಕ್ಕೆ ತೂಕವಿದೆ. ಆದರೆ ಅದು ಚರಿತ್ರೆಗೆ ಸಾಕ್ಷಿ, ಸಂಗೀತಕ್ಕಲ್ಲ. ಸಂಗೀತದ ಮಾತಿಗೆ ಬಂದರೆ ಆ ಪ್ರವಾಸದ ಸ್ವರೂಪವನ್ನು ನೋಡಬೇಕು. 2006ರ ಆಗಸ್ಟ್‌ನಲ್ಲಿ ‘ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್’ ಆಲ್ಬಮ್ ಹೊರಬಂತು. ಆ ವರ್ಷದ ಶೋಗಳಲ್ಲಿ ತಂಡ ಆ ಇಡೀ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ನುಡಿಸಿತ್ತು. 2007ರಲ್ಲಿ ಅದನ್ನು ಕುಗ್ಗಿಸಿ, 1982ರ ‘ದಿ ನಂಬರ್ ಆಫ್ ದ ಬೀಸ್ಟ್’ಗೆ 25 ವರ್ಷ ತುಂಬಿದ ನೆನಪಿಗೆ ಹಳೆಯ ಹಾಡುಗಳನ್ನು ಸೇರಿಸಿಕೊಂಡಿತು. ಹಾಗಾಗಿ ಬೆಂಗಳೂರಿಗೆ ಸಿಕ್ಕದ್ದು ಹೊಸ, ಉದ್ದನೆಯ, ಯುದ್ಧವನ್ನು ಕುರಿತ ಹಾಡುಗಳೂ ಹಳೆಯ ಮೆಚ್ಚಿನವೂ ಬೆರೆತ ಪಟ್ಟಿ. ಮೊದಲ ಸಲ ಕಣ್ಣೆದುರು ಕಾಣುವ ತಂಡದ ಬಾಯಲ್ಲಿ ಕೇಳಬೇಕೆಂದು ವರ್ಷಗಟ್ಟಲೆ ಕಾದಿದ್ದ ಕೆಲವು ಹಾಡುಗಳು ಅದರಲ್ಲಿ ಇರಲಿಲ್ಲ. 2009ರ ಪಕ್ಷದವರು ಹಿಡಿಯುವುದೂ ಇದೇ ಎಳೆಯನ್ನು.

2009ರದು ‘ಸಮ್‌ವೇರ್ ಬ್ಯಾಕ್ ಇನ್ ಟೈಮ್’ ಪ್ರವಾಸ. ಪಟ್ಟಿಯ ಬಹುಪಾಲು 1980ರ ದಶಕದ್ದು. ವೇದಿಕೆ 1984–85ರ ಪ್ರವಾಸದ ಈಜಿಪ್ಟ್ ವಿನ್ಯಾಸವನ್ನು ಮತ್ತೆ ಕಟ್ಟಿದ್ದು. ಎಲ್ಲಕ್ಕಿಂತ ಮಿಗಿಲಾಗಿ ಅಲ್ಲಿ ‘ರೈಮ್ ಆಫ್ ದಿ ಏನ್ಶಿಯಂಟ್ ಮ್ಯಾರಿನರ್’ ಇತ್ತು. ಕೋಲ್‌ರಿಜ್ ಕವಿಯ ದೀರ್ಘಕವನವನ್ನು ಆಧರಿಸಿ ಸ್ಟೀವ್ ಹ್ಯಾರಿಸ್ ಬರೆದ ಈ ಹಾಡು 1984ರ ‘ಪವರ್‌ಸ್ಲೇವ್’ ಆಲ್ಬಮ್‌ನಲ್ಲಿದೆ. ಅವಧಿ 13 ನಿಮಿಷಕ್ಕೂ ಹೆಚ್ಚು. ನಡುವೆ ಗಿಟಾರ್‌ಗಳೆಲ್ಲ ತಗ್ಗಿ, ಹಡಗಿನ ಮರ ಕಿರುಗುಟ್ಟುವ ಸದ್ದಿನ ಮೇಲೆ ಬೇಸ್ ಒಂದೇ ನಡೆಯುವ ಭಾಗವಿದೆ. ಸಾವಿರಾರು ಜನ ಕುಣಿಯುತ್ತಿರುವ ಮೈದಾನವನ್ನು ತಂಡವೊಂದು ನಿಲ್ಲಿಸಿ ಕೇಳಿಸುವುದು ಅಲ್ಲಿ. ಒಂದು ಲೈವ್ ತಂಡದ ಹಿಡಿತವನ್ನು ಅಳೆಯಲು ಅದಕ್ಕಿಂತ ಒಳ್ಳೆಯ ಜಾಗ ಮೇಡನ್‌ನ ಹಾಡುಗಳಲ್ಲಿ ನನಗೆ ಕಂಡಿಲ್ಲ.

ಆದರೆ 2009ರ ಬೆಂಗಳೂರನ್ನು ಸಮರ್ಥಿಸುವವರು ತೋರಿಸುವ ವಿಡಿಯೊಗಳಲ್ಲಿ ಕಡಿಮೆ ಕಾಣುವುದು ಇದೇ ಹಾಡು. ಕಾರಣ ಸರಳ. 2006ರ ಮಾರ್ಚ್‌ನಿಂದ 2010ರ ಜುಲೈವರೆಗೆ ಸಾಮಾನ್ಯ ಬಳಕೆದಾರರು ಯೂಟ್ಯೂಬಿಗೆ ಹಾಕಬಹುದಾಗಿದ್ದ ವಿಡಿಯೊದ ಮಿತಿ 10 ನಿಮಿಷ. 13 ನಿಮಿಷದ ಹಾಡು ಒಂದೇ ತುಂಡಾಗಿ ಅದರಲ್ಲಿ ಹಿಡಿಸುತ್ತಿರಲಿಲ್ಲ. ಮೇಲಾಗಿ ಅಂದಿನ ಡಿಜಿಟಲ್ ಕ್ಯಾಮೆರಾಗಳ ಮೆಮೊರಿ ಕಾರ್ಡ್ ಚಿಕ್ಕದು, ಬ್ಯಾಟರಿ ದುರ್ಬಲ. ಜೇಬಿನಲ್ಲಿ ಕ್ಯಾಮೆರಾ ಇಟ್ಟುಕೊಂಡವನು ‘ಫಿಯರ್ ಆಫ್ ದ ಡಾರ್ಕ್’ಗೆ ಬ್ಯಾಟರಿ ಉಳಿಸಿಕೊಳ್ಳುತ್ತಾನೆ, ಎಲ್ಲರೂ ಒಟ್ಟಾಗಿ ಹಾಡುವ ಆ ಹಾಡು ನೋಡಲೂ ಚೆಂದ. ಹೀಗೆ ಕಾರ್ಯಕ್ರಮದ ಅತಿ ಗಟ್ಟಿ ಭಾಗ ಅತಿ ತೆಳುವಾಗಿ ದಾಖಲಾಯಿತು, ಚಿಕ್ಕ ಹಾಡುಗಳು ದಪ್ಪಕ್ಷರದಲ್ಲಿ ಉಳಿದವು. ಈ ವಿಡಿಯೊಗಳನ್ನಷ್ಟೇ ನೋಡಿ 2007 ಮತ್ತು 2009ನ್ನು ತೂಗುವವರು ತಕ್ಕಡಿಯ ಈ ವಾಲುವಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಕು.

ಅಧಿಕೃತ ದಾಖಲೆಯಾದರೂ ಇದೆಯೇ ಎಂದರೆ, ಅದು ಬೆಂಗಳೂರನ್ನು ಎರಡೂ ಕಡೆಯಿಂದ ಬಿಟ್ಟುಹೋಗಿದೆ. ಸ್ಕಾಟ್ ಮೆಕ್‌ಫೇಡಿಯನ್ ಮತ್ತು ಸ್ಯಾಮ್ ಡನ್ ನಿರ್ದೇಶಿಸಿದ ‘ಫ್ಲೈಟ್ 666’ ಚಿತ್ರ 2008ರ ಫೆಬ್ರುವರಿ–ಮಾರ್ಚ್‌ನ ಪ್ರವಾಸವನ್ನು ಹಿಡಿದಿದೆ: 45 ದಿನ, 23 ಶೋ, ಗಾಯಕ ಬ್ರೂಸ್ ಡಿಕಿನ್ಸನ್ ತಾವೇ ಪೈಲಟ್ ಆಗಿ ಹಾರಿಸಿದ ಬೋಯಿಂಗ್ 757 ವಿಮಾನ. ಅದು ಶುರುವಾಗುವುದು 2008ರ ಫೆಬ್ರುವರಿ 1ರ ಮುಂಬೈಯಿಂದ. ಚಿತ್ರದ ಜೊತೆ ಬಂದ ಲೈವ್ ಆಲ್ಬಮ್‌ನ ಮೊದಲ ಹಾಡು ‘ಏಸಸ್ ಹೈ’ ಮುಂಬೈಯ ಮುದ್ರಣ. ಬೆಂಗಳೂರಿನ ಮೊದಲ ಶೋ ಆ ಪ್ರವಾಸಕ್ಕಿಂತ ಹಿಂದಿನದು, ಎರಡನೆಯದು ಅದರ ಚಿತ್ರೀಕರಣ ಮುಗಿದ ಮೇಲಿನದು. ಚಿತ್ರ ತೆರೆಕಂಡದ್ದು 2009ರ ಏಪ್ರಿಲ್‌ನಲ್ಲಿ, ಅಂದರೆ ಅರಮನೆ ಮೈದಾನದ ಎರಡನೇ ಶೋ ಆಗಿ ಎರಡು ತಿಂಗಳ ಮೇಲೆ. ಇಂದು ಹೊರದೇಶದ ಅಭಿಮಾನಿಯೊಬ್ಬ ‘ಮೇಡನ್ ಭಾರತದಲ್ಲಿ’ ಎಂದಾಗ ಮುಂಬೈಯನ್ನು ನೆನೆಯುತ್ತಾನೆ. ಅಲ್ಲಿಯ ಶೋ ಮೇಲು ಎಂದು ಯಾರೂ ತೀರ್ಮಾನಿಸಿದ್ದಲ್ಲ. ಅಲ್ಲಿ ಕ್ಯಾಮೆರಾ ಇತ್ತು, ಅಷ್ಟೇ.

ಮುದ್ರಣವೇ ಖ್ಯಾತಿಯನ್ನು ನಿರ್ಧರಿಸುವ ಈ ಸಂಗತಿಗೆ ಜಗತ್ತಿನಲ್ಲಿ ಅತಿ ಸ್ಪಷ್ಟ ಉದಾಹರಣೆ ಗ್ರೇಟ್‌ಫುಲ್ ಡೆಡ್ ತಂಡದ್ದು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ಅವರು ನುಡಿಸಿದ್ದೇ ಶ್ರೇಷ್ಠ ಎನ್ನುವವರು ಇಂದಿಗೂ ಬಹಳ. ಆ ಶೋ ಚೆನ್ನಾಗಿತ್ತು, ಸಂದೇಹವಿಲ್ಲ. ಅದರ ಖ್ಯಾತಿ ಬೆಳೆದದ್ದು ಮಾತ್ರ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಅವರ ಮುದ್ರಣದಿಂದ. ಆಕೆಯ ಟೇಪುಗಳ ಸ್ವಚ್ಛ ಧ್ವನಿ ಕೈಯಿಂದ ಕೈಗೆ ಹರಿದಾಡಿ ಆ ರಾತ್ರಿಯನ್ನು ಉಳಿದ ರಾತ್ರಿಗಳಿಂದ ಬೇರ್ಪಡಿಸಿತು. ಕೊನೆಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೂ ಆ ಮುದ್ರಣ ಸೇರಿತು.

ನಮ್ಮಲ್ಲೂ ಇದು ಹೊಸತಲ್ಲ. 1990ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಬಡಗುತಿಟ್ಟಿನ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಆಟಗಳಲ್ಲಿ ಯಾವ ರಾತ್ರಿಯದು ಮೇಲು ಎಂದು ಕರಾವಳಿಯ ಯಕ್ಷಗಾನ ಪ್ರಿಯರು ಇಂದಿಗೂ ವಾದ ಮಾಡುತ್ತಾರೆ. ಆ ವಾದಕ್ಕೆ ಆಧಾರ, ರಂಗಸ್ಥಳದ ಪಕ್ಕ ಟೇಪ್‌ರೆಕಾರ್ಡರ್ ಇಟ್ಟು ಅಭಿಮಾನಿಗಳು ಹಿಡಿದ ಕ್ಯಾಸೆಟ್ಟುಗಳು. ಮುದ್ರಿಸಿದವರು ಇಲ್ಲದಿದ್ದರೆ ನಾವಡರ ಪದ್ಯವನ್ನು ಇಂದಿನ ಇಪ್ಪತ್ತರ ಹುಡುಗ ಕೇಳುತ್ತಿರಲಿಲ್ಲ. ಅವರಿಗೆ ನಾವು ಋಣಿಗಳು.

ಹಾಗೆಂದು ಒಳ್ಳೆಯ ಮುದ್ರಣ ಸಿಕ್ಕಿದ ಕೂಡಲೇ ತೀರ್ಪು ಸಲೀಸಾಗುವುದಿಲ್ಲ. ಮೆಟಾಲಿಕಾ ತಂಡ 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ನುಡಿಸಿತು. ಅದಕ್ಕೆ ಎರಡು ದಿನ ಮೊದಲು ದೆಹಲಿ ಬಳಿಯ ಗುರುಗ್ರಾಮದಲ್ಲಿ ಆಗಬೇಕಿದ್ದ ಶೋ ರದ್ದಾಗಿತ್ತು. ಹಾಗಾಗಿ ಉತ್ತರದಿಂದಲೂ ಜನ ಇಲ್ಲಿಗೆ ಬಂದರು. ಮೆಟಾಲಿಕಾ 2004ರಿಂದ ತನ್ನ ಶೋಗಳನ್ನು ತಾನೇ ಮುದ್ರಿಸಿ ಮಾರುತ್ತ ಬಂದಿದೆ. ಅಂಥ ಮುದ್ರಣದಲ್ಲಿ ಪ್ರತಿ ವಾದ್ಯವೂ ಬೇರೆ ಬೇರೆಯಾಗಿ ಕೇಳುತ್ತದೆ. ಆದರೆ ಅದು ಮೈದಾನದಲ್ಲಿ ನಿಂತ ಯಾರೂ ಕೇಳಿದ ಸದ್ದಲ್ಲ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ವೇದಿಕೆಯಿಂದ 100 ಮೀಟರ್ ಹಿಂದೆ ನಿಂತವನಿಗೆ ಡ್ರಮ್ಸಿನ ಪೆಟ್ಟು, ಪರದೆಯಲ್ಲಿ ಕೋಲು ಬಿದ್ದು ಹೆಚ್ಚುಕಡಿಮೆ ಸೆಕೆಂಡಿನ ಮೂರನೇ ಒಂದು ಭಾಗ ಕಳೆದ ಮೇಲೆ ಕೇಳುತ್ತದೆ. ಬಯಲಲ್ಲಿ ಗಾಳಿ ಬೀಸಿದರೆ ಗಿಟಾರಿನ ತಾರಸ್ವರ ಹೊಯ್ದಾಡುತ್ತದೆ, ಬೇಸ್ ಮಾತ್ರ ಎದೆಗೆ ಬಡಿಯುತ್ತಿರುತ್ತದೆ. ಮಿಕ್ಸಿಂಗ್ ಡೆಸ್ಕ್ ಹತ್ತಿರ ನಿಂತವನೂ ಬದಿಯ ಬೇಲಿಗೆ ಒರಗಿದವನೂ ಒಂದೇ ಶೋ ನೋಡಿರುತ್ತಾರೆ, ಒಂದೇ ಶೋ ಕೇಳಿರುವುದಿಲ್ಲ. ಆದ್ದರಿಂದ ಯಾರಾದರೂ ‘ಸೌಂಡ್ ಸರಿ ಇರಲಿಲ್ಲ’ ಎಂದಾಗ ಮೊದಲು ಕೇಳಬೇಕಾದ ಪ್ರಶ್ನೆ: ಎಲ್ಲಿ ನಿಂತಿದ್ದಿರಿ?

ಬ್ಯಾಟರಾಯನಪುರಕ್ಕೆ ಅತಿ ಹತ್ತಿರದ ಸಾಕ್ಷ್ಯ ಇರುವುದು ಥಣಿಸಂದ್ರ ಮುಖ್ಯರಸ್ತೆಯಲ್ಲಿ. ಥಣಿಸಂದ್ರ ಬ್ಯಾಟರಾಯನಪುರ ವಿಧಾನಸಭಾ ಕ್ಷೇತ್ರದ್ದೇ ಭಾಗ. 2012ರಲ್ಲಿ ಅಲ್ಲಿನ ಭಾರತೀಯ ಸಿಟಿಯ ಬಯಲಿನಲ್ಲಿ ಎರಡು ದೊಡ್ಡ ಶೋಗಳಾದವು: ಅಕ್ಟೋಬರ್ 20ರಂದು ಸ್ಲೇಯರ್, ಡಿಸೆಂಬರ್ 7ರಂದು ಗನ್ಸ್ ಅಂಡ್ ರೋಸಸ್. ಇವುಗಳಲ್ಲಿ ಸ್ಲೇಯರ್‌ನದು ವಾದಗಳಲ್ಲಿ ತಕ್ಕ ಜಾಗ ಪಡೆದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಗಿಟಾರಿಸ್ಟ್ ಜೆಫ್ ಹ್ಯಾನಮನ್ ಕೈಯ ಸೋಂಕಿನಿಂದಾಗಿ ಬಂದಿರಲಿಲ್ಲ. ಎಕ್ಸೋಡಸ್ ತಂಡದ ಗ್ಯಾರಿ ಹೋಲ್ಟ್ ಅವರ ಜಾಗದಲ್ಲಿ ನುಡಿಸಿದರು. ಆದರೆ ಡ್ರಮ್ಸಿನ ಹಿಂದೆ ಡೇವ್ ಲೊಂಬಾರ್ಡೊ ಇದ್ದರು. 2013ರ ಫೆಬ್ರುವರಿಯಲ್ಲಿ ಅವರು ತಂಡದಿಂದ ಹೊರಬಿದ್ದರು, ಅದೇ ವರ್ಷದ ಮೇ ತಿಂಗಳಲ್ಲಿ ಹ್ಯಾನಮನ್ ತೀರಿಕೊಂಡರು.

2012ರ ಹೊತ್ತಿಗೆ ಯೂಟ್ಯೂಬಿನ ಅವಧಿಯ ಮಿತಿ ಸಡಿಲವಾಗಿತ್ತು, ಜನರ ಕೈಗೆ ಸ್ಮಾರ್ಟ್‌ಫೋನ್ ಬಂದಿತ್ತು. ಚಿತ್ರ ಉದ್ದವಾಯಿತು, ಸದ್ದು ಮಾತ್ರ ಕೆಟ್ಟೇ ಉಳಿಯಿತು. ಮೊಬೈಲಿನ ಚಿಕ್ಕ ಮೈಕ್ ಅಷ್ಟು ಜೋರು ಸದ್ದಿಗೆ ತಾನಾಗಿ ಮಟ್ಟ ತಗ್ಗಿಸಿಕೊಳ್ಳುತ್ತದೆ. ಆಗ ಮೊದಲು ಕರಗಿಹೋಗುವುದು ಬೇಸ್ ಡ್ರಮ್ಮಿನ ಬಿಡಿ ಪೆಟ್ಟುಗಳು. ಲೊಂಬಾರ್ಡೊ ಎರಡೂ ಕಾಲಲ್ಲಿ ನುಡಿಸುವ ವೇಗಕ್ಕೇ ಹೆಸರಾದವರು. ಮೊಬೈಲ್ ವಿಡಿಯೊದಲ್ಲಿ ಅದು ಒಂದೇ ಗೊರಗೊರ ಸದ್ದಾಗಿ ಕೇಳುತ್ತದೆ. ಅಂದು ಥಣಿಸಂದ್ರದಲ್ಲಿ ನಿಂತವರ ಎದೆಗೆ ಬಡಿದದ್ದು ಅದಲ್ಲ.

ಬಯಲು ಕಾರ್ಯಕ್ರಮಗಳನ್ನು ಹೋಲಿಸುವಾಗ ಇನ್ನೊಂದು ಸಂಗತಿ ನೆನಪಿಡಬೇಕು. 2000ದ ಶಬ್ದಮಾಲಿನ್ಯ ನಿಯಮಗಳು ಮತ್ತು 2005ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ರಾತ್ರಿ 10ರ ಮೇಲೆ ಬಯಲಲ್ಲಿ ಧ್ವನಿವರ್ಧಕ ಸಾಮಾನ್ಯವಾಗಿ ಸಲ್ಲದು. ಯೂರೋಪಿನಲ್ಲಿ ತಡರಾತ್ರಿಯವರೆಗೆ ನಡೆಯುವ ಶೋವನ್ನು ಇಲ್ಲಿಯದರೊಡನೆ ತೂಗುವವರು ಈ ಮಿತಿಯನ್ನು ಮರೆಯುವುದುಂಟು.

ಮೇಡನ್ ವಾದಕ್ಕೆ ನನ್ನ ತೀರ್ಪು ಇಷ್ಟು: ಪಟ್ಟಿಯ ಕಟ್ಟಣೆ, ವೇದಿಕೆ, ‘ರೈಮ್’ ಬೇಡುವ ಹಿಡಿತ, ಇವನ್ನು ಆಧಾರವಾಗಿ ಹಿಡಿದರೆ 2009 ಮೇಲು. 2007ನ್ನು ಎತ್ತಿಹಿಡಿಯುವವರು ಇದನ್ನು ಅಲ್ಲಗಳೆಯಬಹುದು. ಅಲ್ಲಗಳೆಯಲು ಅವರ ಬಳಿ ಆಧಾರ ಇದ್ದರೆ ನನಗೆ ಸಂತೋಷವೇ. ಆ ಆಧಾರ ಎಲ್ಲಿದೆ ಎಂದರೆ, ಮನೆಗಳ ಡ್ರಾಯರುಗಳಲ್ಲಿ. ಹಳೆಯ ಮೆಮೊರಿ ಕಾರ್ಡುಗಳು, ಹ್ಯಾಂಡಿಕ್ಯಾಮ್ ಟೇಪುಗಳು, ಟಿಕೆಟ್ಟಿನ ತುಂಡುಗಳು, ಕೈಬರಹದ ಹಾಡಿನ ಪಟ್ಟಿಗಳು. ಟೇಪು ಬೂಷ್ಟು ಹಿಡಿಯುತ್ತದೆ, ಕಾರ್ಡು ವರ್ಷಗಳ ಮೇಲೆ ಓದದೆ ಹೋಗುತ್ತದೆ. ಅರಮನೆ ಮೈದಾನದ ಈ ಮೂರು ರಾತ್ರಿಗಳಲ್ಲಿ (ಮೇಡನ್‌ನ ಎರಡು, ಮೆಟಾಲಿಕಾದ ಒಂದು) ಅಥವಾ ಥಣಿಸಂದ್ರದಲ್ಲಿ ನಿಂತಿದ್ದ ಓದುಗರು ದಯವಿಟ್ಟು ಅವನ್ನು ಹೊರತೆಗೆದು ಪ್ರತಿ ಮಾಡಿಸಿಡಿ. ಪ್ರತಿಯ ಜೊತೆಗೆ ಮೂರು ವಿಷಯ ಬರೆದಿಡಿ: ದಿನಾಂಕ, ಯಾವ ಹಾಡು, ಮೈದಾನದಲ್ಲಿ ನೀವು ನಿಂತಿದ್ದ ಜಾಗ. ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್‌ನಂಥ ಸಂಗೀತ ಸಂಗ್ರಹಾಲಯಗಳೂ ಬೆಂಗಳೂರಿನ ರಾಕ್ ಶ್ರೋತೃಗಳ ಈ ಸಂಗ್ರಹವನ್ನು ತಮ್ಮ ಕೆಲಸವೆಂದು ಎತ್ತಿಕೊಳ್ಳಬೇಕು.