ಸರ್ಕಾರಿ ಕಾಮಗಾರಿ ಕಡಿಮೆ ದರ ಹೇಳಿದವರಿಗೇ ಸಿಗಬೇಕೆ?

ಮಳೆಗೆ ಕಿತ್ತುಹೋದ ರಸ್ತೆಯ ಫೋಟೊ ಜೊತೆ ವಾಟ್ಸಾಪ್‌ನಲ್ಲಿ ಆಗಾಗ ಒಂದು ಮಾತು ಸುತ್ತುತ್ತದೆ: ಯಾರು ಕಡಿಮೆ ದರ ಹೇಳುತ್ತಾರೋ ಅವರಿಗೇ ಟೆಂಡರ್, ಗುಣಮಟ್ಟ ನೋಡಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ಇದು ಅರ್ಧ ಮಾತ್ರ ನಿಜ.

ಹೆಚ್ಚಿನ ಕಾಮಗಾರಿಗಳಲ್ಲಿ ಕೊನೆಗೆ ಗೆಲ್ಲುವುದು ಕನಿಷ್ಠ ದರದವರೇ. ಕಚೇರಿ ಭಾಷೆಯಲ್ಲಿ ಅವರು 'ಎಲ್‌1'. ಆದರೆ ಎಲ್ಲರ ದರವನ್ನೂ ತೆರೆದು ನೋಡುವುದಿಲ್ಲ. ಎರಡು ಲಕೋಟೆ ಪದ್ಧತಿಯಲ್ಲಿ ಮೊದಲು ತೆರೆಯುವುದು ತಾಂತ್ರಿಕ ಲಕೋಟೆ. ಇಂಥದ್ದೇ ಕೆಲಸ ಹಿಂದೆ ಮಾಡಿದ್ದಾರೆಯೇ, ವಹಿವಾಟು ಎಷ್ಟು, ಯಂತ್ರಗಳೂ ಇಂಜಿನಿಯರ್‌ಗಳೂ ಇದ್ದಾರೆಯೇ ಎಂದು ನೋಡುತ್ತಾರೆ. ಇಲ್ಲಿ ಪಾಸಾದವರ ದರ ಮಾತ್ರ ಹೊರಬರುತ್ತದೆ. ಅಸಲಿ ತೊಂದರೆ ಇಲ್ಲಿಂದ ಶುರು: ಒಮ್ಮೆ ಪಾಸಾದರೆ, ಜಸ್ಟ್ ಪಾಸ್ ಆದವರಿಗೂ ಡಿಸ್ಟಿಂಕ್ಷನ್ ಬಂದವರಿಗೂ ಬೆಲೆ ಒಂದೇ.

ಇನ್ನೊಂದು ದಾರಿಯೂ ಇದೆ. ಗುಣಮಟ್ಟಕ್ಕೂ ದರಕ್ಕೂ ಬೇರೆ ಬೇರೆ ಅಂಕ ಕೊಟ್ಟು ಕೂಡಿಸುವ 'ಕ್ಯೂಸಿಬಿಎಸ್' ಪದ್ಧತಿ. ಸಲಹೆಗಾರರ ಆಯ್ಕೆಗೆ ಇದು ಮೊದಲೇ ಬಳಕೆಯಲ್ಲಿತ್ತು. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಕೇಂದ್ರದ ನಿರ್ಮಾಣ ಕಾಮಗಾರಿಗಳಿಗೂ ಅವಕಾಶ ಕೊಟ್ಟಿತು. ಷರತ್ತು ಎರಡು: ಅದು ಗುಣಮಟ್ಟ ಮುಖ್ಯವಾದ ಕೆಲಸ ಎಂದು ಸಕ್ಷಮ ಪ್ರಾಧಿಕಾರ ಘೋಷಿಸಿರಬೇಕು, ಗುಣಮಟ್ಟದ ಪಾಲು ಶೇ 30 ಮೀರಬಾರದು.

ಲೆಕ್ಕ ಹಾಕಿ ನೋಡಿ. 'ಅ' ಗುತ್ತಿಗೆದಾರ 95 ಲಕ್ಷ ಕೇಳಿದ್ದಾರೆ, ತಾಂತ್ರಿಕ ಅಂಕ 70. 'ಆ' ಕೇಳಿದ್ದು 1 ಕೋಟಿ, ಅಂಕ 95. ಕನಿಷ್ಠ ದರಕ್ಕೆ 100 ಅಂಕ, ಹಾಗಾಗಿ 'ಆ'ಗೆ ದರದಲ್ಲಿ 95. ದರಕ್ಕೆ ಶೇ 70, ಗುಣಮಟ್ಟಕ್ಕೆ ಶೇ 30 ಹಾಕಿದರೆ 'ಅ'ಗೆ 91, 'ಆ'ಗೆ 95. ದುಬಾರಿಯಾದರೂ 'ಆ' ಗೆಲ್ಲುತ್ತಾರೆ. ಅದೇ 'ಅ' 80 ಲಕ್ಷಕ್ಕೆ ಇಳಿದರೆ? ಆಗ 'ಆ'ಗೆ 84.5 ಅಷ್ಟೇ, 'ಅ' 91ರಲ್ಲೇ ಗೆಲ್ಲುತ್ತಾರೆ. ದರದ ಅಂತರ ಸಣ್ಣದಿದ್ದಾಗ ಮಾತ್ರ ಗುಣಮಟ್ಟ ತಕ್ಕಡಿ ತಿರುಗಿಸುತ್ತದೆ.

ಹಾಗಾದರೆ ಶೇ 30ರ ಮಿತಿ ಏಕೆ, ಇನ್ನೂ ಹೆಚ್ಚಿಸಬಾರದೇ? ದರ ಎಲ್ಲರಿಗೂ ಕಾಣುವ ಸಂಖ್ಯೆ. ಗುಣಮಟ್ಟಕ್ಕೆ ಅಂಕ ಹಾಕುವವರು ಮನುಷ್ಯರು, ಬೇಕಾದವರಿಗೆ ಹೆಚ್ಚು ಹಾಕುವ ದಾರಿಯೂ ಅದೇ. ಯಾವುದಕ್ಕೆ ಎಷ್ಟು ಅಂಕ ಎಂಬುದು ಟೆಂಡರ್ ದಾಖಲೆಯಲ್ಲೇ ಮೊದಲು ಬರೆದಿರದಿದ್ದರೆ ಈ ಪದ್ಧತಿ ಎಲ್‌1ಗಿಂತ ಕೆಟ್ಟದ್ದು ಎನ್ನುವುದು ನನ್ನ ಅಭಿಪ್ರಾಯ.

ಇನ್ನು ನಿಮ್ಮೂರಿನ ರಸ್ತೆ. ರಾಜ್ಯದ ಟೆಂಡರ್‌ಗಳು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಡಿ ನಡೆಯುತ್ತವೆ. ರಸ್ತೆ ಬೇಗ ಹಾಳಾದರೆ ಫೋಟೊ ಫಾರ್ವರ್ಡ್ ಮಾಡುವ ಮುನ್ನ, ದೋಷ ಹೊಣೆಗಾರಿಕೆ ಅವಧಿ ಇನ್ನೂ ಇದೆಯೇ ಎಂದು ವಿಚಾರಿಸಿ. ಆ ಅವಧಿಯೊಳಗೆ ಕಳಪೆ ಕೆಲಸದಿಂದಾದ ಹಾನಿಯನ್ನು ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಟೆಂಡರ್ ದಾಖಲೆ, ತಾಂತ್ರಿಕ ಮೌಲ್ಯಮಾಪನ ಪಟ್ಟಿ ಮತ್ತು ಗುತ್ತಿಗೆ ಒಪ್ಪಂದದ ಪ್ರತಿ ಬೇಕಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು.