ದೊಡ್ಡವ್ವನ ಹೆಬ್ಬೆಟ್ಟು

ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ್ದ. ಶಕ್ತಿನಗರದ ಕಾಲೊನಿಯಲ್ಲಿ ಆಡಿ ಬೆಳೆದವನು, ಈಗ ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದಾನೆ. "ಸರ್, ಅವ್ವ ಊರಾಗಿನ ಹೊಲಾನೆಲ್ಲ ತಮ್ಮನ ಹೆಸರಿಗೆ ದಾನಪತ್ರ ಮಾಡಿಕೊಟ್ಟಾಳ. ಮೋಸ ಆಗೇದ ಅಂತ ರುಜುವಾತು ಮಾಡೋದು ಯಾರ ಪಾಲಿಗೆ ಬರ್ತದ ಸರ್? ನನಗೋ, ಅವನಿಗೋ?" ಎಂದು ಕೇಳಿದ. ನಾನು ವಕೀಲನಲ್ಲ, ನಲವತ್ತರ ಹತ್ತಿರ ಹತ್ತಿರ ವರ್ಷ ಇತಿಹಾಸ ಮತ್ತು ಕನ್ನಡ ಕಲಿಸಿದವನು. ಆದರೂ ಆ ಪ್ರಶ್ನೆ ಆ ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ಅದಕ್ಕೆ ಕಾರಣವಿದೆ. 1993ರಲ್ಲಿ ಅಂಥದ್ದೇ ಒಂದು ಪತ್ರಕ್ಕೆ ನಾನು ಸಾಕ್ಷಿ ಹಾಕಿದ್ದೆ. ಆ ಸಂಗತಿಯನ್ನು ಇದುವರೆಗೆ ಮನೆಯವರಿಗೂ ಪೂರ್ತಿಯಾಗಿ ಹೇಳಿಲ್ಲ. ಬಂಧುಗಳಲ್ಲಿ ಕೆಲವರು ಇದನ್ನು ಓದಿ ಮುಖ ಗಂಟಿಕ್ಕಬಹುದು, ಇರಲಿ.

ನಮ್ಮ ದೊಡ್ಡವ್ವ, ಅಂದರೆ ದೊಡ್ಡಪ್ಪನ ಹೆಂಡತಿ, ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಳು. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ನಾಲ್ಕು ಎಕರೆ ಹೊಲ ಆಕೆಯ ಹೆಸರಿಗೆ ಬಂದಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುವ ಮೊದಲು ಆ ಕಡೆಯ ಹೊಲಗಳನ್ನು ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ. ಜೋಳ ಬೆಳೆದರೆ ಬೆಳೆಯಿತು, ಇಲ್ಲದಿದ್ದರೆ ಇಲ್ಲ. ನೀರು ಬಂದು ಭತ್ತ ಬೆಳೆಯತೊಡಗಿದ ಮೇಲೆ ಎಕರೆಯ ಬೆಲೆ ಏರಿತು, ಅದರೊಡನೆ ದೊಡ್ಡವ್ವನ ಮೇಲಿನ ಪ್ರೀತಿಯೂ ಏರಿತು. ಆಕೆಯ ತವರಿನ ಕಡೆಯ ಅಣ್ಣನ ಮಗನೊಬ್ಬ ಮನೆಗೆ ಬಂದು ನಿಂತ. ಅವನನ್ನು ಕೆಟ್ಟವನೆಂದು ಬರೆಯಲಾರೆ. ಹೊಲ ಮಾಡಿಸಿದ, ಕಣ್ಣಿನ ಪೊರೆ ತೆಗೆಸಲು ರಾಯಚೂರಿಗೆ ಕರೆದೊಯ್ದ, ಎರಡು ಹೊತ್ತು ರೊಟ್ಟಿ ಹಾಕಿದ. ನಾವು, ಸ್ವಂತದವರು, ಹಬ್ಬಕ್ಕೊಮ್ಮೆ ಹೋಗುತ್ತಿದ್ದವರು.

ಒಂದು ದಿನ ಅವನು ಶಕ್ತಿನಗರಕ್ಕೆ ಬಂದು, "ಅತ್ತಿ ಒಂದು ಕಾಗದ ಮಾಡಿಸ್ತಾಳ, ಮಾಸ್ತರ್ ಬಂದು ಸಹಿ ಹಾಕಬೇಕು" ಎಂದ. ಹೋದೆ. ಉಪನೋಂದಣಿ ಕಚೇರಿಯ ಹೊರಗೆ ಬೇವಿನ ಗಿಡದ ಕೆಳಗೆ ಪತ್ರ ಬರೆಯುವವನು ಕುಳಿತಿದ್ದ. ನಾನು ಹಾಳೆಗಳನ್ನು ಕೈಗೆತ್ತಿಕೊಂಡು ಕಣ್ಣಾಡಿಸಿದೆ. ದಾನಪತ್ರವೆಂದು ತಲೆಬರಹ, ಚಕ್ಕುಬಂದಿ, ಆಮೇಲೆ ಆ ಎಂದಿನ ವಾಕ್ಯ: ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ ಬರೆದುಕೊಟ್ಟ ಪತ್ರ. "ದೊಡ್ಡವ್ವ, ಓದಿ ಹೇಳಲೇನು?" ಎಂದೆ. "ನೀ ಅದಿಯಲ್ಲ, ಮತ್ಯಾಕ ಓದೋದು? ಎಲ್ಲಿ ಒತ್ತಬೇಕು ಹೇಳಪಾ" ಎಂದು ಹೆಬ್ಬೆಟ್ಟು ಮುಂದೆ ಮಾಡಿದಳು. ಮೂರು ಗಂಟೆಯ ಬಸ್ಸು ಹಿಡಿಯಬೇಕಿತ್ತು. ನಾನು ಓದಲಿಲ್ಲ, ಸಹಿ ಹಾಕಿದೆ.

ನನ್ನ ವಿದ್ಯಾರ್ಥಿಗೆ ಉತ್ತರ ಹೇಳುವ ನೆಪದಲ್ಲಿ ಈ ತಿಂಗಳೆಲ್ಲ ಇದರ ಇತಿಹಾಸವನ್ನು ಓದಿದೆ. ಕಂಡದ್ದನ್ನು ಬರೆಯುತ್ತೇನೆ.

ಕಾನೂನಿನ ಸಾಮಾನ್ಯ ನಿಯಮ ಎಲ್ಲರಿಗೂ ಗೊತ್ತಿರುವುದೇ. ಯಾವನು ಒಂದು ಸಂಗತಿ ನಡೆಯಿತೆಂದು ಹೇಳಿ ನ್ಯಾಯ ಕೇಳುತ್ತಾನೋ ಅವನೇ ಅದನ್ನು ರುಜುವಾತುಪಡಿಸಬೇಕು. ಮೋಸವಾಯಿತೆನ್ನುವವನು ಮೋಸವನ್ನು ತೋರಿಸಬೇಕು. ನ್ಯಾಯವಾದ ಮಾತೇ, ಇಲ್ಲದಿದ್ದರೆ ನೆರೆಯವನು ಹೊರಿಸಿದ ಪ್ರತಿಯೊಂದು ಆರೋಪಕ್ಕೂ ನಾವು ಸಾಕ್ಷಿ ಹುಡುಕುತ್ತ ಅಲೆಯಬೇಕಾದೀತು. ಆದರೆ ನಂಬಿಕೆ ಇದ್ದಲ್ಲಿ ಈ ನಿಯಮ ಕೈಕೊಡುತ್ತದೆ. ನಂಬಿದವನು ಪ್ರಶ್ನೆ ಕೇಳಿರುವುದಿಲ್ಲ, ನಕಲು ಇಟ್ಟುಕೊಂಡಿರುವುದಿಲ್ಲ, ಮೂರನೆಯವರನ್ನು ಕರೆದಿರುವುದಿಲ್ಲ. ಎಷ್ಟು ಹೆಚ್ಚು ನಂಬಿದನೋ ಅವನ ಕೈಯಲ್ಲಿ ಅಷ್ಟು ಕಡಿಮೆ ಪುರಾವೆ. ಇದನ್ನು ಮನಗಂಡ ನ್ಯಾಯಾಧೀಶರು ಹೊರೆಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಎತ್ತಿಡುವುದನ್ನು ಕಲಿತರು.

ನಮ್ಮ ದೇಶದಲ್ಲಿ ಇದು ಸ್ಪಷ್ಟವಾಗಿ ಕಾಣುವುದು 1867ರ ಒಂದು ಮೊಕದ್ದಮೆಯಲ್ಲಿ. ಬಂಗಾಳದ ಶಮ್ಸುನ್ನಿಸಾ ಬೇಗಂ ಎಂಬ ಪರದೆಯೊಳಗಿನ ಹೆಣ್ಣುಮಗಳ ಸರ್ಕಾರಿ ಸಾಲಪತ್ರಗಳು ಆಕೆಯ ಸಹಿಯೊಂದಿಗೆ ಗಂಡನ ವಶಕ್ಕೆ ಹೋಗಿದ್ದವು. ಬಡ್ಡಿ ವಸೂಲಿಗಾಗಿ ಕೊಟ್ಟೆನೆಂದು ಆಕೆ, ಬೆಲೆ ಕೊಟ್ಟು ಕೊಂಡೆನೆಂದು ಅವನು. ಲಂಡನ್ನಿನ ಪ್ರಿವಿ ಕೌನ್ಸಿಲ್, ಸಹಿ ಇದೆ ಎಂದ ಮಾತ್ರಕ್ಕೆ ಮುಗಿಯಲಿಲ್ಲ, ಕೊಂಡದ್ದು ನಿಜವೆಂದು ಗಂಡನೇ ತೋರಿಸಲಿ ಎಂದಿತು. ಮುಂದೆ ಈ ರಕ್ಷಣೆ ಪರದೆಯ ಹೆಣ್ಣುಮಕ್ಕಳಿಂದ ಆಚೆಗೂ ಹಬ್ಬಿ, ಓದುಬರಹವಿಲ್ಲದ ಮುದುಕಿಯರ ತನಕ ಬಂತು. ಪತ್ರವನ್ನು ಆಕೆಗೆ ತಿಳಿಯುವಂತೆ ವಿವರಿಸಲಾಗಿತ್ತು, ಆಕೆ ಅರಿತು ಒಪ್ಪಿದ್ದಳು ಎಂಬುದನ್ನು ಪತ್ರ ಬರೆಸಿಕೊಂಡವನೇ ತೋರಿಸಬೇಕು.

1872ರಲ್ಲಿ ಇದು ಬರಹದ ಕಾನೂನಾಯಿತು. ಆ ವರ್ಷದ ಕರಾರು ಅಧಿನಿಯಮದ 16ನೇ ಕಲಮು 'ಅನುಚಿತ ಪ್ರಭಾವ'ವೆಂದರೇನೆಂದು ಹೇಳಿತು. 1899ರಲ್ಲಿ ಅದನ್ನು ತಿದ್ದಿ ಬರೆದರು. ಇನ್ನೊಬ್ಬನ ಮನಸ್ಸಿನ ಮೇಲೆ ಹಿಡಿತ ಸಾಧಿಸಬಲ್ಲ ಸ್ಥಾನದಲ್ಲಿದ್ದು, ಆ ಸ್ಥಾನದಿಂದ ಸಲ್ಲದ ಲಾಭ ಪಡೆದರೆ ಅದು ಅನುಚಿತ ಪ್ರಭಾವ. ವಯಸ್ಸು, ಕಾಯಿಲೆ, ಸಂಕಟಗಳಿಂದ ಮನಸ್ಸಿನ ಬಲ ಕುಂದಿದವರೊಡನೆ ನಡೆದ ವ್ಯವಹಾರವನ್ನೂ ಅದು ಹೆಸರಿಸುತ್ತದೆ. ಅದೇ 1872ರಲ್ಲಿ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರೂಪಿಸಿದ ಸಾಕ್ಷ್ಯ ಅಧಿನಿಯಮದ 111ನೇ ಕಲಮು ಹೊಣೆಯ ಮಾತನ್ನು ಹೇಳಿತು: ಒಬ್ಬನು ಇನ್ನೊಬ್ಬನ ವಿಶ್ವಾಸದ ಸ್ಥಾನದಲ್ಲಿದ್ದರೆ, ವ್ಯವಹಾರ ಸದ್ಭಾವನೆಯಿಂದ ನಡೆಯಿತೆಂದು ರುಜುವಾತುಪಡಿಸುವವನು ಆ ವಿಶ್ವಾಸ ಪಡೆದವನೇ. ಅಲ್ಲಿ ಕೊಟ್ಟಿರುವ ಎರಡು ಉದಾಹರಣೆಗಳನ್ನು ನೋಡಿ. ಕಕ್ಷಿದಾರನು ತನ್ನ ವಕೀಲನಿಗೇ ಆಸ್ತಿ ಮಾರುವುದು ಒಂದು. ಆಗತಾನೆ ವಯಸ್ಸಿಗೆ ಬಂದ ಮಗ ತನ್ನ ತಂದೆಗೆ ಮಾರುವುದು ಇನ್ನೊಂದು. ತಂದೆಯೂ ಉತ್ತರ ಹೇಳಬೇಕೆಂದು ಬರೆದ ಧೈರ್ಯ ನನಗೆ ಮೆಚ್ಚುಗೆಯಾಯಿತು. ಗುರುಗಳಿಗೂ ವಿನಾಯಿತಿಯಿಲ್ಲ. 1890ರಲ್ಲಿ, ಪರಲೋಕದ ಹಿತಕ್ಕೆಂದು ವೃದ್ಧನೊಬ್ಬ ತನ್ನ ಆಧ್ಯಾತ್ಮಿಕ ಗುರುವಿಗೆ ಇಡೀ ಆಸ್ತಿ ದಾನ ಮಾಡಿದ ಮೊಕದ್ದಮೆಯಲ್ಲಿ ಅಲಹಾಬಾದ್ ಹೈಕೋರ್ಟು ಹೊಣೆಯನ್ನು ಗುರುವಿನ ಮೇಲೆಯೇ ಇಟ್ಟಿತು.

ಹಾಗೆಂದು ಬಲಹೀನನಂತೆ ಕಂಡವನಿಗೆಲ್ಲ ಈ ಬಾಗಿಲು ತೆರೆಯುವುದಿಲ್ಲ. 1910ರಲ್ಲಿ, ತಂದೆಯೊಡನೆ ಜಗಳಕ್ಕೆ ಬಿದ್ದು ಕ್ರಿಮಿನಲ್ ಮೊಕದ್ದಮೆಗೆ ಸಿಕ್ಕಿದ ಮಗನೊಬ್ಬ ಆಸ್ತಿ ಅಡವಿಟ್ಟು ಸುಮಾರು 10,000 ರೂಪಾಯಿ ಸಾಲ ಪಡೆದ; ಬಡ್ಡಿ ವರ್ಷಕ್ಕೆ ನೂರಕ್ಕೆ 24, ಚಕ್ರಬಡ್ಡಿ. ಹನ್ನೊಂದು ವರ್ಷಗಳಲ್ಲಿ ಅದು 1,12,885 ರೂಪಾಯಿಯಾಗಿ ಬೆಳೆದು ನಿಂತಿತು. ಪ್ರಿವಿ ಕೌನ್ಸಿಲ್ 1923ರ ಡಿಸೆಂಬರಿನಲ್ಲಿ ಏನೆಂದಿತು? ಬಡ್ಡಿ ಕ್ರೂರವಾಗಿದೆ ಎಂಬುದು ಎರಡನೆಯ ಮಾತು. ಸಾಲ ಕೊಟ್ಟವನು ಮೊದಲೇ ನಿನ್ನ ಮೇಲೆ ಹಿಡಿತವಿದ್ದವನೆಂದು ತೋರಿಸು. ಅವನಿಂದ ತೋರಿಸಲಾಗಲಿಲ್ಲ. ಸಾಹುಕಾರನ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ ತಲೆಮಾರುಗಳನ್ನು ಕಳೆದ ನಮ್ಮ ಭಾಗದ ರೈತರನ್ನು ನೆನೆದರೆ, ಈ ತೀರ್ಪು ನನಗೆ ಇಂದಿಗೂ ಗಂಟಲಲ್ಲಿ ಇಳಿಯುವುದಿಲ್ಲ.

ರಾಯಚೂರಿನವರಾದ ನಮಗೆ ಈ ಕಥೆಯಲ್ಲಿ ಇನ್ನೊಂದು ತೊಡಕಿತ್ತು. 1948ರ ತನಕ ನಾವು ನಿಜಾಮರ ಪ್ರಜೆಗಳು. ಸಂಸ್ಥಾನಕ್ಕೆ ತನ್ನದೇ ಕಾಯ್ದೆಗಳಿದ್ದವು. ಕಚೇರಿಯ ಭಾಷೆ ಮೊದಲು ಪಾರ್ಸಿ, ಆಮೇಲೆ ಉರ್ದು. ದಸ್ತಾವೇಜು, ಫಿರ್ಯಾದಿ, ತಕರಾರು, ಬಿಕ್ಕಲಂ ಮುಂತಾದ ಮಾತುಗಳು ಇಂದಿಗೂ ನಮ್ಮ ಬಾಯಲ್ಲಿ ಉಳಿದಿರುವುದು ಆ ಕಾಲದ ನೆನಪನ್ನು ಹೊತ್ತೇ. ದೇವದುರ್ಗದ ಕಡೆಯ ಒಬ್ಬ ಹೆಣ್ಣುಮಗಳಿಗೆ ಕನ್ನಡದ ಅಕ್ಷರವೇ ಬಾರದಿದ್ದ ಕಾಲದಲ್ಲಿ, ಆಕೆಯ ಹೊಲದ ಪತ್ರ ಆಕೆಗೆ ಕಿವಿಯಿಂದಲೂ ತಿಳಿಯದ ಭಾಷೆಯಲ್ಲಿರುತ್ತಿತ್ತು. ಓದಿ ಹೇಳುವವನ ಮೇಲೆಯೇ ಎಲ್ಲವೂ ನಿಂತಿತ್ತು. 1951ರ ಏಪ್ರಿಲ್ 1ರಿಂದ 1872ರ ಎರಡೂ ಅಧಿನಿಯಮಗಳು ಹೈದರಾಬಾದ್ ರಾಜ್ಯಕ್ಕೂ ವಿಸ್ತರಿಸಿದವು. 1956ರ ನವೆಂಬರಿನಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಹೈದರಾಬಾದಿಗೆ ಹೋಗುತ್ತಿದ್ದ ಅಪೀಲುಗಳು ಬೆಂಗಳೂರಿನ ದಾರಿ ಹಿಡಿದವು. 2008ರಲ್ಲಿ ಗುಲ್ಬರ್ಗಾದಲ್ಲಿ ಸಂಚಾರಿ ಪೀಠ ಬಂದ ಮೇಲೆ ದಾರಿ ಕೊಂಚ ಹತ್ತಿರವಾಯಿತು.

ಇಡೀ ದೇಶದ ನ್ಯಾಯಾಲಯಗಳು ಇಂದಿಗೂ ಉದ್ಧರಿಸುವ ಒಂದು ತೀರ್ಪು ಹುಟ್ಟಿದ್ದು ನಮ್ಮ ರಾಜ್ಯದ ಮೊಕದ್ದಮೆಯಿಂದಲೇ. ಅದು ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ, 1958ರ ನವೆಂಬರ್ 13ರದು. ವಿಷಯ ದಾನಪತ್ರವಲ್ಲ, 1945ರಲ್ಲಿ ಲಕ್ಷ್ಮಮ್ಮ ಎಂಬಾಕೆ ಮಾಡಿದ್ದೆನ್ನಲಾದ ಉಯಿಲು. ಅದನ್ನು ಮುಂದಿಟ್ಟವನೇ ಅದು ಬರೆದು ಮುಗಿಯುವುದರಲ್ಲಿ ಮುಂದಾಳಾಗಿದ್ದ. ಅವನ ಮಕ್ಕಳಿಗೆ ಅದರಿಂದ ಒಳ್ಳೆಯ ಪಾಲು ಸಿಗುತ್ತಿತ್ತು. ಕೆಳಗಿನ ನ್ಯಾಯಾಲಯ ಉಯಿಲನ್ನು ಒಪ್ಪಿತ್ತು, ಮೈಸೂರು ಹೈಕೋರ್ಟು ಒಪ್ಪಲಿಲ್ಲ, ಸುಪ್ರೀಂ ಕೋರ್ಟು ಹೈಕೋರ್ಟಿನ ಮಾತನ್ನೇ ಎತ್ತಿಹಿಡಿಯಿತು. ಅನುಚಿತ ಪ್ರಭಾವವೆಂದು ಎದುರಾಳಿ ಆರೋಪಿಸಿದರೆ ಅದನ್ನು ಅವನೇ ತೋರಿಸಬೇಕಾಗಬಹುದು. ಆದರೆ ಸಂದೇಹಕ್ಕೆ ಎಡೆಗೊಡುವ ಸಂಗತಿಗಳು ಪತ್ರದ ಸುತ್ತಲೇ ಇದ್ದರೆ, ಅವುಗಳನ್ನು ನಿವಾರಿಸುವ ಹೊಣೆ ಪತ್ರ ಹಿಡಿದು ಬಂದವನದು ಎಂದು ನ್ಯಾಯಮೂರ್ತಿ ಗಜೇಂದ್ರಗಡಕರ್ ವಿವರಿಸಿದರು.

ಇದಕ್ಕೆ ಎದುರಾದ ತೂಕವೂ ಇದೆ. 1944ರಲ್ಲಿ ಬಂಗಾಳದ ಅಜ್ಜನೊಬ್ಬ ಮೊಮ್ಮಗನಿಗೆ ಆಸ್ತಿ ಕೊಟ್ಟಿದ್ದ. 1966ರಲ್ಲಿ ಸುಪ್ರೀಂ ಕೋರ್ಟು, ರಕ್ತಸಂಬಂಧವಿದೆ, ಕೊಟ್ಟವನಿಗೆ ವಯಸ್ಸಾಗಿತ್ತು ಎಂಬಷ್ಟರಿಂದಲೇ ಹಿಡಿತವಿತ್ತೆಂದು ಊಹಿಸಲಾಗದು ಎಂದಿತು. ಸರಿಯಾದ ಮಾತು. ಮೊಮ್ಮಗನ ಮೇಲೆ ಅಜ್ಜನಿಗೆ ಪ್ರೀತಿ ಇರಬಾರದೇ?

ನನ್ನನ್ನು ಎಲ್ಲಕ್ಕಿಂತ ತಡೆದು ನಿಲ್ಲಿಸಿದ್ದು ಮಾತ್ರ ದೂರದ ಸಿಂಗಪುರದ ಮೊಕದ್ದಮೆ, 1928ರದು. ಇಂಚೆ ನೊರಿಯಾ ಎಂಬ ಓದುಬಾರದ ಮಲಯ ಮುದುಕಿ. ಅವಳ ವ್ಯವಹಾರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಅವಳ ಸೋದರಸಂಬಂಧದ ಮಗ. ಅವನಿಗೆ ಆಕೆ ಆಸ್ತಿ ದಾನ ಮಾಡಿದ್ದಳು. ಇಲ್ಲಿ ಪತ್ರವನ್ನು ಓದಿ ಹೇಳಲಾಗಿತ್ತು! ಒಬ್ಬ ವಕೀಲನೇ, ಪ್ರಾಮಾಣಿಕನೇ, ಆಕೆಗೆ ವಿವರಿಸಿದ್ದ. ಆದರೂ ಪ್ರಿವಿ ಕೌನ್ಸಿಲ್ ದಾನವನ್ನು ರದ್ದು ಮಾಡಿತು. ಆ ವಕೀಲನಿಗೆ, ಆಕೆ ಕೊಡುತ್ತಿರುವುದು ಹೆಚ್ಚುಕಡಿಮೆ ಆಕೆಯ ಇಡೀ ಆಸ್ತಿಯೆಂಬುದು ತಿಳಿದಿರಲಿಲ್ಲ. ಈಗಲೇ ಕೊಟ್ಟು ಕೈ ಖಾಲಿ ಮಾಡಿಕೊಳ್ಳುವ ಬದಲು ಉಯಿಲು ಬರೆದರೆ ಸಾಕೆಂದು ಅವನು ಹೇಳಿರಲಿಲ್ಲ. ಓದಿ ಹೇಳಿದವನನ್ನೂ ಸಾಲದೆಂದ ಕಾನೂನಿನ ಮುಂದೆ, ಓದಿಯೇ ಹೇಳದ ಮಾಸ್ತರನ ಗತಿ ಏನು? ನನಗೆ ಮಾತ್ರ ಗೊತ್ತಿತ್ತು, ಆ ನಾಲ್ಕು ಎಕರೆಯ ಹೊರತು ದೊಡ್ಡವ್ವನಿಗೆ ಬೇರೇನೂ ಇಲ್ಲವೆಂದು.

1997ರ ಬೇಸಿಗೆಯಲ್ಲಿ ಆಕೆ ಒಬ್ಬಳೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಹೊಲವನ್ನು ಅವನು ಬೇರೆಯವರಿಗೆ ಮಾರಿದ್ದನಂತೆ. ಬೈಯಲಿಲ್ಲ, ಅಳಲಿಲ್ಲ. ನೀರು ಕುಡಿದು, "ಅವತ್ತು ಆ ಕಾಗದದಾಗ ಏನು ಬರೆದಿತ್ತಪಾ?" ಎಂದು ಕೇಳಿದಳು. ತಾನು ಬದುಕಿರುವ ತನಕ ಉಳುಮೆ ಮಾಡಿಕೊಂಡಿರಲಿ ಎಂದು ಬರೆಸಿದ್ದೇನೆಂದೇ ಆಕೆ ತಿಳಿದಿದ್ದಳು. ಅಥವಾ ಹಾಗೆ ತಿಳಿದಿದ್ದೆನೆಂದು ಆಗ ಹೇಳಿದಳು. ನಾಲ್ಕು ವರ್ಷ ಅನ್ನ ಹಾಕಿದವನಿಗೆ ಮನಸಾರೆ ಕೊಟ್ಟೂ ಇರಬಹುದು. ಯಾವುದು ನಿಜವೆಂದು ನಾನು ಹೇಳಲಾರೆ. ಕಾನೂನು ಆಕೆಯನ್ನು ಅಲ್ಲ, ಅವನನ್ನು ಕೇಳುತ್ತಿತ್ತು. ಕೇಳಿಸಬೇಕಾದರೆ ಆಕೆ ದಾವೆ ಹೂಡಬೇಕಿತ್ತು. ಪತ್ರ ರದ್ದುಪಡಿಸಲು ಸಂಗತಿ ತಿಳಿದ ದಿನದಿಂದ 3 ವರ್ಷ ಅವಧಿಯಿದೆ. ನಾನು ಆಕೆಯನ್ನು ವಕೀಲರ ಬಳಿಗೆ ಕರೆದೊಯ್ಯಲಿಲ್ಲ. ಈ ಕಲಮುಗಳು ನನಗೆ ಗೊತ್ತಿರಲಿಲ್ಲವೆಂಬುದು ಅರ್ಧ ಸತ್ಯ. ಕಟಕಟೆ ಹತ್ತಿ, ಓದಲಿಲ್ಲವೆಂದು ಹೇಳಬೇಕಾಗುತ್ತದೆಂಬುದು ಉಳಿದರ್ಧ. ಸಾಕ್ಷಿ ಹಾಕಿದವನಿಗೆ ಪತ್ರದ ಒಳಗಿನದು ಗೊತ್ತಿತ್ತೆಂದು ಕಾನೂನು ತಾನಾಗಿ ಊಹಿಸುವುದಿಲ್ಲವಂತೆ. ನನಗೆ ಗೊತ್ತಿತ್ತು. ಎರಡು ವರ್ಷಕ್ಕೆ ದೊಡ್ಡವ್ವ ತೀರಿಕೊಂಡಳು.

ಈಗ ಕಾಲ ಬದಲಾಗಿದೆ. 2007ರ ಹಿರಿಯ ನಾಗರಿಕರ ಅಧಿನಿಯಮದ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವನು ಆ ಮಾತು ತಪ್ಪಿದರೆ, ಅದು ವಂಚನೆ, ಬಲಾತ್ಕಾರ ಅಥವಾ ಅನುಚಿತ ಪ್ರಭಾವದಿಂದ ಆದದ್ದೆಂದೇ ಭಾವಿಸಲಾಗುತ್ತದೆ; ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಷರತ್ತು ಇತ್ತೆಂಬುದನ್ನು ತೋರಿಸಲೇಬೇಕೆಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಮೊಕದ್ದಮೆಯಲ್ಲಿ, ಈ ಅಧಿನಿಯಮವನ್ನು ವೃದ್ಧರ ಹಿತಕ್ಕೆ ಒದಗುವಂತೆ ಉದಾರವಾಗಿ ಓದಬೇಕೆಂದು ಹೇಳಿ ದಾನಪತ್ರವನ್ನು ರದ್ದುಪಡಿಸಿತು. ಹಳೆಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಇಲ್ಲವಾಗಿದೆ. 111ನೇ ಕಲಮು ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 114 ಆಗಿ ಮುಂದುವರಿದಿದೆ.

ನನ್ನ ವಿದ್ಯಾರ್ಥಿಗೆ ಹೀಗೆ ಬರೆದೆ: ತಾಯಿ ಯಾರ ಆಸರೆಯಲ್ಲಿದ್ದರು, ಯಾರ ಮಾತು ನಡೆಯುತ್ತಿತ್ತು ಎಂಬುದನ್ನು ಮೊದಲು ತೋರಿಸಬೇಕಾಗುತ್ತದೆ; ಅದು ತೋರಿದ ಮೇಲೆ ಹೊಣೆ ನಿನ್ನ ತಮ್ಮನದು. ಆದರೆ ನಿನ್ನ ತಾಯಿ ಇನ್ನೂ ಇದ್ದಾರೆ. ಫಿರ್ಯಾದು ಆಕೆಯದಾಗಬೇಕು, ನಿನ್ನದಲ್ಲ. ಊರಿಗೆ ಹೋಗಿ ನಾಲ್ಕು ದಿನ ಇದ್ದು ಆಕೆಯನ್ನು ಕೇಳು. ಅವನ ಉತ್ತರ ಇನ್ನೂ ಬಂದಿಲ್ಲ.

2019ರಲ್ಲಿ ಬಂಧುಗಳೊಬ್ಬರು ಮತ್ತೆ ಸಾಕ್ಷಿಗೆ ಕರೆದಿದ್ದರು. ಅವರ ಅತ್ತೆ, ಎಂಬತ್ತು ದಾಟಿದವರು, ಮನೆ ಮತ್ತು ಹೊಲ ಎರಡನ್ನೂ ಬರೆದುಕೊಡುವವರಿದ್ದರು. ಎಲ್ಲರೂ ಸ್ವಲ್ಪ ಹೊರಗೆ ಹೋಗಿರೆಂದೆ. ಬಾಗಿಲು ಹಾಕಿಕೊಂಡು, ಪತ್ರದ ಕನ್ನಡವನ್ನು ನಮ್ಮ ಕನ್ನಡಕ್ಕೆ ಇಳಿಸಿ, ಸಾಲು ಸಾಲಾಗಿ ಮುಕ್ಕಾಲು ಗಂಟೆ ಓದಿದೆ. ಆ ತಾಯಿ ಎಲ್ಲವನ್ನೂ ಕೇಳಿ, "ಹೊಲ ತಗೊಳ್ಳಿ ಯಪ್ಪಾ, ಮನಿ ಮಾತ್ರ ನಾ ಹೋಗೋತನಕ ನನ್ನ ಹೆಸರಿಗೇ ಇರ್ಲಿ ಅಂತ ಬರಿ" ಎಂದರು. ಪತ್ರವನ್ನು ಹೊಸದಾಗಿ ಬರೆಸಬೇಕಾಯಿತು. ಆ ಬಂಧುಗಳು ಮೊನ್ನೆಯ ಮದುವೆಯಲ್ಲೂ ನನ್ನನ್ನು ಮಾತನಾಡಿಸಲಿಲ್ಲ.