ಮಾಂಡ್ವಿ: ಕಡಲಿಗೆ ಮುಖ ಮಾಡಿದ ಊರು

ಗುಜರಾತಿನ ಕಛ್ ಜಿಲ್ಲೆಯ ಭುಜ್‌ನಿಂದ ದಕ್ಷಿಣಕ್ಕೆ ಸುಮಾರು 60 ಕಿ.ಮೀ. ಹೋದರೆ ಮಾಂಡ್ವಿ. ರುಕ್ಮಾವತಿ ನದಿ ಕಛ್ ಕೊಲ್ಲಿಯನ್ನು ಸೇರುವಲ್ಲಿ 16ನೇ ಶತಮಾನದಲ್ಲಿ ಜಡೇಜಾ ಅರಸ ಒಂದನೆಯ ಖೆಂಗಾರ್‌ಜಿ ನೆಲೆಗೊಳಿಸಿದ ಬಂದರು. ನದಿ ಎಂದೊಡನೆ ತುಂಗಭದ್ರೆಯನ್ನು ನೆನೆಯಬೇಡಿ, ಮಳೆಯೇ ಅಪರೂಪದ ಸೀಮೆ ಇದು. ನಮ್ಮಲ್ಲಿ ಆಷಾಢ ಬಂತೆಂದರೆ ಮದುವೆ-ಮುಂಜಿಗಳಿಗೆ ಬಿಡುವು. ಮಳೆಗೆ ಕಾದು ಕೂತ ಕಛಿಗಳಿಗೆ ಆಷಾಢ ಶುದ್ಧ ಬಿದಿಗೆಯೇ ಹೊಸ ವರ್ಷ.

ನೆಲ ಕೈಕೊಟ್ಟಾಗಲೆಲ್ಲ ಈ ಜನ ಕಡಲನ್ನು ನೆಚ್ಚಿಕೊಂಡರು. ಖಾರ್ವಾ ನಾವಿಕರು ಹಾಯಿ ಎತ್ತಿದರು, ಭಾಟಿಯಾ ಮತ್ತು ಖೋಜಾ ವರ್ತಕರು ಬಂಡವಾಳ ಹಾಕಿದರು. ಇಲ್ಲಿಂದ ಬಟ್ಟೆ ಹೋಯಿತು, ಆಫ್ರಿಕಾದಿಂದ ಆನೆದಂತ, ಲವಂಗ ಬಂದವು. 19ನೇ ಶತಮಾನದಲ್ಲಿ ಜಾಂಜಿಬಾರ್ ಸುಲ್ತಾನನ ಸುಂಕದ ಗುತ್ತಿಗೆ ದಶಕಗಟ್ಟಲೆ ಕಛ್ ಮೂಲದ ಜೈರಾಮ್ ಶಿವಜಿ ಮನೆತನದ ಕೈಯಲ್ಲಿತ್ತು. ಆ ಸಂಪತ್ತಿನಲ್ಲಿ ಗುಲಾಮರ ಬೆವರೂ ಇತ್ತು. 1860ರ ಸುಮಾರಿಗೆ ಬ್ರಿಟಿಷ್ ಕಾನ್ಸಲ್ ರಿಗ್ಬಿ ಅಲ್ಲಿನ ಭಾರತೀಯರ ಬಳಿಯಿದ್ದ ಸಾವಿರಾರು ಗುಲಾಮರನ್ನು ಬಿಡಿಸಿದ. ಕಛಿ ಸಾಹಸವನ್ನು ಕೊಂಡಾಡುವಾಗ ಈ ಮಾತನ್ನು ನುಂಗಿಕೊಳ್ಳಬಾರದು.

ಆಮೇಲಿನ ತಲೆಮಾರುಗಳು ಮೊಂಬಾಸಾ, ನೈರೋಬಿ, ಅಲ್ಲಿಂದ ಲಂಡನ್ ಎಂದು ಚದುರಿದವು. ನಮ್ಮ ಕಡೆಗೂ ಬಂದವರಿದ್ದಾರೆ. ಕರ್ನಾಟಕದ ಊರೂರುಗಳ ಸಾಮಿಲ್, ಟಿಂಬರ್ ಡಿಪೊ, ಪ್ಲೈವುಡ್ ಅಂಗಡಿಗಳ ಪಟೇಲರಲ್ಲಿ ಬಹಳ ಮಂದಿ ಕಛ್‌ನವರೇ.

ಮಾಂಡ್ವಿಯಲ್ಲಿ ನೋಡಬೇಕಾದದ್ದು ನದೀದಂಡೆ. ಮರದ ಹಡಗು, ಅಲ್ಲಿಯವರ ಬಾಯಲ್ಲಿ ವಹಾಣ, ಬಯಲಲ್ಲೇ ಎದ್ದು ನಿಲ್ಲುತ್ತದೆ. ಮೊದಲು ಉದ್ದನೆಯ ಅಡಿಮರ, ಬಳಿಕ ಬಾಗಿದ ಪಕ್ಕೆಮರಗಳು, ಮೈತುಂಬ ಹಲಗೆ. ಹಲಗೆಗಳ ಸಂದಿಗೆ ಹತ್ತಿಯ ಹುರಿಯನ್ನು ಉಳಿಯಿಂದ ಬಡಿದು ಬಡಿದು ತುಂಬುತ್ತಾರೆ. ನೀರು ಒಳಗೆ ಬರದಂತೆ ತಡೆಯುವುದು ಇದೇ. ನಕ್ಷೆಗಿಂತ ಮೇಸ್ತ್ರಿಯ ಕಣ್ಣಳತೆಯನ್ನೇ ನಂಬಿ ಬಂದ ಕಸುಬು. ಕೆಲಸ ಮುಗಿದ ಮೇಲೆ ದೊಡ್ಡ ಉಬ್ಬರ ನೋಡಿ ನೀರಿಗಿಳಿಸುತ್ತಾರೆ. ಹಾಯಿಯ ಜಾಗಕ್ಕೆ ಡೀಸೆಲ್ ಎಂಜಿನ್ ಬಂದು ಬಹಳ ಕಾಲವಾಯಿತು. ಬಂದರಿನಲ್ಲಿ ಹೂಳು ತುಂಬಿ, ದೊಡ್ಡ ವಹಿವಾಟು ಕಾಂಡ್ಲಾಕ್ಕೂ ಮುಂದ್ರಾಕ್ಕೂ ಹೋಯಿತು.

ಕ್ರಾಂತಿಕಾರಿ ಶ್ಯಾಮ್‌ಜಿ ಕೃಷ್ಣವರ್ಮ 1857ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. 1905ರಲ್ಲಿ ಲಂಡನ್ನಿನಲ್ಲಿ ಇಂಡಿಯಾ ಹೌಸ್ ತೆರೆದು, 1930ರಲ್ಲಿ ಜಿನೀವಾದಲ್ಲಿ ತೀರಿಕೊಂಡ ಅವರ ಚಿತಾಭಸ್ಮ ತಾಯ್ನಾಡಿಗೆ ಬರಲು 2003 ಆಗಬೇಕಾಯಿತು. ಈಗ ಊರ ಹೊರಗಿನ ಸ್ಮಾರಕದಲ್ಲಿ ಆ ಲಂಡನ್ ಮನೆಯ ಪ್ರತಿರೂಪವೇ ನಿಂತಿದೆ. ಸ್ಮಾರಕ ಬೇಕು, ತಕರಾರಿಲ್ಲ. ಆದರೆ ಇಟ್ಟಿಗೆಯ ಮನೆಯನ್ನು ಮತ್ತೆ ಕಟ್ಟಬಹುದು, ಹಡಗು ಕಟ್ಟುವ ಮೇಸ್ತ್ರಿಯ ಕಣ್ಣಳತೆ ಒಮ್ಮೆ ಕಳೆದುಹೋದರೆ ಮತ್ತೆ ಕಟ್ಟಲಾಗದು. ಬಿಳಿ ಉಪ್ಪುಬಯಲಾದ ರಣ್ ನೋಡಲು ಕಛ್‌ಗೆ ಹೋಗುವವರು ಅಷ್ಟಕ್ಕೇ ತಿರುಗಿ ಬರಬೇಡಿ. ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ರುಕ್ಮಾವತಿಯ ದಂಡೆಗೂ ಹೋಗಿ.